ಕಾಲಿಗೆ ಕೆಲಸವಿಲ್ಲದ ಗಾಡಿ

ಮೂವತ್ತೊಂದು ವರ್ಷ ಮೆಷಿನ್ ತುಳಿದ ಕಾಲು.
ಸೀಟಿಗೆ ಕೂತ ಕೂಡಲೇ ಪೆಡಲ್ ಹುಡುಕಿತು.
"ಕಾಲಿಗೆ ಇಲ್ಲೇನೂ ಕೆಲಸ ಇಲ್ಲ ದಾಕ್ಷಕ್ಕ,
ಸುಮ್ನೆ ಇಟ್ಕೊಳ್ಳಿ" ಅಂದಳು ಮುಬೀನಾ.
ಸುಮ್ಮನೆ ಇಟ್ಟುಕೊಳ್ಳುವುದು!
ಅದೊಂದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಭಾನುವಾರ. ಹಾಸನದ ಎಪಿಎಂಸಿ ಯಾರ್ಡು ಖಾಲಿ.
ಹರಾಜು ಕಟ್ಟೆಯ ಮೇಲೆ ಒಂದು ನಾಯಿ,
ಸಿಮೆಂಟಿನ ಸಂದಿಯಲ್ಲಿ ಮೊಳಕೆ ಬಿಟ್ಟ
ಒಂದು ಆಲೂಗಡ್ಡೆ.
ಗಾಡಿ ಸಾಸಿವೆ ಬಣ್ಣದ್ದು, ಹಳೇದು,
ಪೆನ್ಷನ್ ಮೊಹಲ್ಲಾದ ಎಲ್ಲೈಸಿ ಏಜೆಂಟರು
ಇಪ್ಪತ್ತಾರು ಸಾವಿರಕ್ಕೆ ಕೊಟ್ಟಿದ್ದು.
ಮುಂದುಗಡೆ ಸ್ಟಿಕ್ಕರ್ ಕಿತ್ತ ಗುರುತು,
ಯಾವ ದೇವರಿತ್ತೋ ತಿಳಿಯದು.
ಆ ಬೋಳು ಜಾಗಕ್ಕೇ ಕೈ ಮುಗಿದೆ.

ಮೊದಲ ವಾರ ಸ್ಟಾರ್ಟ್ ಮಾಡಲೇ ಬಿಡಲಿಲ್ಲ ಅವಳು.
ಕಣ್ಣು ಮುಚ್ಚಿಸಿ ಕೇಳಿದಳು:
ಹಾರನ್ನು? ಎಡ ಹೆಬ್ಬೆರಳಿನ ಹತ್ತಿರ.
ಇಂಡಿಕೇಟರು? ಅದರ ಮೇಲೆ.
ಹಿಂದಿನ ಬ್ರೇಕು? ಎಡಗೈ. ಮುಂದಿನದು? ಬಲ.
ತಪ್ಪಿದರೆ ಗೆಣ್ಣಿಗೆ ಬೀಗದ ಕೈಯಿಂದ ಟಕ್ ಅಂತ ಒಂದು.
ಕರೆಂಟು ಹೋದಾಗಲೂ ಬಾಬಿನ್ ಬದಲಿಸಿದವಳು ನಾನು,
ಮೂರನೇ ಸುತ್ತಿಗೆ ಒಂದೂ ತಪ್ಪಲಿಲ್ಲ.

ಹೆಲ್ಮೆಟ್ಟಿನೊಳಗೆ ಏಜೆಂಟರ ತಲೆಯೆಣ್ಣೆ ವಾಸನೆ.
ಒಳಬಟ್ಟೆ ಬಿಚ್ಚಿ ಹತ್ತಿ ಲೈನಿಂಗು ಕೊಟ್ಟೆ.
ಬೆಲ್ಟು ಮಾತ್ರ ಮುಟ್ಟಲು ಬಿಡಲಿಲ್ಲ ಮುಬೀನಾ.
"ಕೊಂಡಿ ಟಕ್ ಅನ್ನದಿದ್ರೆ
ಅದು ಹೆಲ್ಮೆಟ್ ಅಲ್ಲ, ಬುಟ್ಟಿ."

ಎಡ ಬ್ರೇಕು ಹಿಡಿದು ಗುಂಡಿ ಒತ್ತಬೇಕು.
ಹಿಡಿಯದೆ ಒತ್ತಿದರೆ ಗಾಡಿ ಏಳುವುದೇ ಇಲ್ಲ,
ಅದಕ್ಕೂ ನನ್ನ ಮೇಲೆ ನಂಬಿಕೆ ಸಾಲದು.
ಒತ್ತಿದೆ. ಹೊರಟಿತು.
ನಾಯಿ ಎದ್ದು ಅಡ್ಡ ಬಂತು.
ಹೆದರಿದವರು ಯಾರಾದರೂ ಮಾಡುವುದನ್ನೇ ಮಾಡಿದೆ,
ಮುಷ್ಟಿ ಬಿಗಿದು ಹಿಂದಕ್ಕೆ ವಾಲಿದೆ.
ಬಲ ಮುಷ್ಟಿಯೊಳಗೇ ಇತ್ತಲ್ಲ ಆಕ್ಸಿಲರೇಟರು!
ಬಿಗಿದಷ್ಟೂ ಓಟ, ಓಡಿದಷ್ಟೂ ಭಯ,
ಭಯವಾದಷ್ಟೂ ಬಿಗಿತ.
ಖಾಲಿ ಗೋಣಿಚೀಲದ ರಾಶಿ ತಡೆದು ನಿಲ್ಲಿಸಿತು.
ನಾಯಿ ನಗಲಿಲ್ಲ. ಮುಬೀನಾ ನಕ್ಕಳು.
"ಹೆದರಿಕೆ ಆದಾಗ ಬಿಡೋದು ಕಲೀರಿ ಅಕ್ಕ.
ಹ್ಯಾಂಡಲ್ ಅಲ್ಲ, ತಿರುವಿದ್ದನ್ನ.
ಬಿಟ್ರೆ ತಾನೇ ವಾಪಸ್ ಬರುತ್ತೆ."

ಗುಂಡಿ ನೋಡಿದರೆ ಗುಂಡಿಗೇ ಬೀಳುತ್ತೀರಿ ಅಂದಳು.
ಇದು ನನಗೆ ಗೊತ್ತಿತ್ತು.
ಸೂಜಿಯನ್ನೇ ನೋಡುತ್ತ ಕೂತವರ ಹೊಲಿಗೆ
ಎಂದೂ ನೆಟ್ಟಗೆ ಹೋಗುವುದಿಲ್ಲ.

ಆರ್ಟಿಓ ಸಾಹೇಬರು ಎಂಟು ಹಾಕಿ ಅಂದರು.
ಕನ್ನಡದ ಎಂಟಾದರೆ ಅರ್ಧಕ್ಕೇ ಮುಗಿಯುತ್ತಿತ್ತು.
ಕೇಳಲಿಲ್ಲ.
ಎರಡು ಕಂಕುಳು ಕತ್ತರಿಸಿದಂತೆ ಸುತ್ತಿ ಬಂದೆ.

ಸಂಕ್ರಾಂತಿ ಕಳೆದ ವಾರ, ಗೊರೂರು ರಸ್ತೆ.
ಸೀಟಿನ ಕೆಳಗೆ ಮದುವೆ ಮನೆಯ ಹದಿನಾಲ್ಕು ಬ್ಲೌಸು.
ತಿರುವು ದಾಟಿದರೆ ಟಾರೇ ಕಾಣಿಸಲಿಲ್ಲ,
ಉದ್ದಕ್ಕೂ ಹುರುಳಿ ಹರವಿದ್ದಾರೆ ಒಕ್ಕಣೆಗೆ.
ಬಸ್ಸು ಲಾರಿಗಳೇ ಅವರ ರೋಣಗಲ್ಲು.
ಬಲಗೈಯ ನಾಲ್ಕೂ ಬೆರಳು ಮುಂದಿನ ಬ್ರೇಕಿಗೆ ಚಾಚಿದವು.
ಹಿಡಿದಿದ್ದರೆ ಮುಂಗಾಲಿ ಜಾರಿ
ನಾನೂ ಹುರುಳಿಯ ಜೊತೆ ಒಕ್ಕಲಾಗುತ್ತಿದ್ದೆ.
ರೇಷ್ಮೆ ಸೂಜಿಯ ಕೆಳಗೆ ಜಾರುವಾಗ
ಎಳೆಯಬಾರದು, ತಳ್ಳಬಾರದು,
ಅಂಗೈ ಸುಮ್ಮನೆ ಇಟ್ಟಿರಬೇಕು ಮೇಲೆ.
ಹಾಗೇ ಇಟ್ಟೆ.
ತಿರುವಿದ್ದನ್ನು ಬಿಟ್ಟೆ, ಹ್ಯಾಂಡಲ್ ನೆಟ್ಟಗೆ.
ಚಟಚಟ ಒಡೆದವು ಕಾಯಿ ಚಕ್ರದಡಿ.
ಆಚೆ, ಬರೀ ಟಾರು ಸಿಕ್ಕ ಮೇಲೆ,
ಎಡಗೈ ಮೊದಲು, ಮೆಲ್ಲಗೆ ಬಲಗೈ,
ನಿಂತೆ.

ಹುಣಸೆ ಮರದಡಿಯ ಮುದುಕಿ ಕೂಗಿದಳು:
"ಇನ್ನೊಂದ್ಸಲ ಬಾರವ್ವ,
ಆ ಮಗ್ಗುಲು ಇನ್ನೂ ಒಕ್ಕಿಲ್ಲ!"

ಆಗ ಕಂಡಿತು, ಎಡ ಇಂಡಿಕೇಟರು ಮಿನುಗುತ್ತಿದೆ,
ಹಾಸನ ಬಿಟ್ಟಾಗಿನಿಂದ.
ದಾರಿಯುದ್ದಕ್ಕೂ ಕಂಡಕಂಡವರಿಗೆಲ್ಲ
ಎಡಕ್ಕೆ ತಿರುಗುತ್ತೇನೆಂದು ಸುಳ್ಳು ಹೇಳಿಕೊಂಡು ಬಂದಿದ್ದೆ.
ಆರಿಸಿದೆ. ಕೀ ತಿರುಗಿಸಿದೆ.
ನೆಲಕ್ಕಿಟ್ಟ ಕಾಲು ನಡುಗುತ್ತ, ನಡುಗುತ್ತ
ಇಲ್ಲದ ಪೆಡಲನ್ನು ತುಳಿಯುತ್ತಿತ್ತು.
ಅದೇ ಕಾಲಲ್ಲಿ ಸ್ಟ್ಯಾಂಡು ಒದ್ದೆ.
ಕಾಲಿಗೆ ಇದೊಂದು ಕೆಲಸ ಇದೆ.
ಮುಬೀನಾಗೆ ಹೇಳಬೇಕು.