ವಿಳಾಸದಾರರು ಇಲ್ಲಿಲ್ಲ

ಲಿಸ್ಬನ್ನಿನ ಈ ಮೆಟ್ಟಿಲುಬೀದಿಯಲ್ಲಿ
ಹತ್ತೊಂಬತ್ತು ವರ್ಷ ಅಂಚೆ ಹಂಚಿದ್ದೇನೆ.
ಮೊಣಕಾಲಿಗೇ ಬಾಯಿಪಾಠ: ನೂರಾ ನಾಲ್ಕು ಮೆಟ್ಟಿಲು,
ಅದರಲ್ಲೊಂದು ಅಲುಗಾಡುತ್ತದೆ.

ಮೊದಲು ಬಾಗಿಲಿಗೊಂದು ಹೆಸರಿತ್ತು.
ಮೀನು ಹುರಿಯುವ ಹೊಗೆ, ಬೈಗುಳ, ಕೆಮ್ಮು,
ಎರಡನೇ ಮಹಡಿಯಿಂದ ಎರ್ಮೆಲಿಂಡಾ
ಹಗ್ಗ ಕಟ್ಟಿ ಇಳಿಬಿಡುತ್ತಿದ್ದ ಬುಟ್ಟಿ.
ಪಿಂಚಣಿ ಕಾಗದ ಮೇಲೇರಿದರೆ
ಒಂದು ಕಿತ್ತಳೆ ಕೆಳಗೆ.

ಈಗ ಬಾಗಿಲ ಪಕ್ಕ ಪುಟ್ಟ ಕಬ್ಬಿಣದ ಡಬ್ಬಿ,
ನಾಲ್ಕಂಕಿ ಒತ್ತಿದರೆ ಬೀಗದಕೈ ಉದುರುತ್ತದೆ.
ಗಾಲಿಪೆಟ್ಟಿಗೆಗಳು ಕಲ್ಲುಹಾಸಿನ ಮೇಲೆ
ಇಡೀ ರಾತ್ರಿ ಗಡಗಡ.
ಕೆಟ್ಟವರೇನಲ್ಲ ಅವರು, ನಗುತ್ತಾರೆ,
ಮೂರು ದಿನಕ್ಕೊಮ್ಮೆ ಬೇರೆ ಬೇರೆ ಹಲ್ಲು.

ಗೋಡೆಗೆ ಸುಣ್ಣ ಬಂತು. ಚರಂಡಿಗೆ ಮುಚ್ಚಳ ಬಂತು,
ಇಪ್ಪತ್ತು ವರ್ಷ ಎರ್ಮೆಲಿಂಡಾ ಅರ್ಜಿ ಹಾಕಿದ್ದ ಚರಂಡಿ.
ಮುಚ್ಚಳ ಬಿದ್ದ ತಿಂಗಳೇ
ಅವಳ ಬಾಡಿಗೆ ಕರಾರು ಮುಗಿಯಿತು.

ಇವತ್ತು ಅವಳಿಗೊಂದು ಲಕೋಟೆ, ನಗರಸಭೆಯ ಮುದ್ರೆ:
'ನಿಮ್ಮ ಬೀದಿಯ ನಾಳೆಗೆ ನಿಮ್ಮ ಮಾತು ಬೇಕು.'
ನಿಯಮದಂತೆ ಷರಾ ಬರೆದು ವಾಪಸು ಕಳಿಸಬೇಕು.
ಪೆನ್ನು ತೆಗೆದೆ.
ಮುಚ್ಚಿದೆ.

ಪಾಳಿ ಮುಗಿಸಿ, ಲಾಂಚು ಹತ್ತಿ, ನದಿ ದಾಟಿದೆ.
ಏಳನೇ ಮಹಡಿ, ಲಿಫ್ಟು; ಹಗ್ಗಕ್ಕೆ ಕೆಲಸವಿಲ್ಲ.
ಸೊಸೆಯ ಸೋಫಾದ ಅಂಚಿಗೆ ಕೂತು
ಎರಡು ಸಲ ಓದಿದಳು,
ಕನ್ನಡಕ ಒರೆಸಿ ಮತ್ತೊಮ್ಮೆ.

'ಚರಂಡಿ ನಾರುತ್ತದಾ ಈಗ?'
'ಇಲ್ಲ.'
'ಗುರುವಾರ ಆರಕ್ಕಂತೆ ಸಭೆ.
ಆ ಅಲುಗಾಡೋ ಮೆಟ್ಟಿಲು ಹಾಗೇ ಇದೆಯಾ?
ಕತ್ತಲಲ್ಲಿ ಹತ್ತಬೇಕು,
ಕಾಲಿಗೊಂದು ಗುರುತು ಬೇಕಲ್ಲ.'