ತಟ್ಟೆಯ ಚಕ್ಕುಬಂದಿ

ಹನ್ನೊಂದು ಊಟದ ತಟ್ಟೆ, ಆರು ಗುಂಡಿತಟ್ಟೆ,
ಮುಚ್ಚಳವಿಲ್ಲದ ಸೂಪಿನ ಬೋಗುಣಿ ಒಂದು,
ಕಿವಿ ಮುರಿದ ಸಾಸಿನ ದೋಣಿ.
ಅಂಚಿಗೆ ನೀಲಿ ಬಳ್ಳಿ; ಬಳ್ಳಿಯಲ್ಲಿ
ನಮ್ಮ ಕಡೆ ಎಲ್ಲೂ ಬಿಡದ ಒಂದು ಹೂವು.
ಸುಬೇದಾರ್ ಪಾಳ್ಯದ ಮನೆಯ ಅಟ್ಟದಲ್ಲಿ
ಮೂವತ್ತೆರಡು ವರ್ಷ, ಅಮ್ಮನ ಹಳೇ ಸೀರೆ ಚೂರುಗಳ ನಡುವೆ
ಒಂದಕ್ಕೊಂದು ತಾಗದ ಹಾಗೆ ಮಲಗಿದ್ದವು.

ಯಲಹಂಕದ ನೋಂದಣಿ ಕಚೇರಿಯೆದುರು
ಪತ್ರ ಬರೆಯುವವಳು ನಾನು.
ಬೆಳಗಾದರೆ ಮೂಲ ಹುಡುಕುವುದೇ ಕಸುಬು:
ಯಾರಿಂದ ಯಾರಿಗೆ, ಕ್ರಯವೋ ದಾನವೋ,
ನಡುವೆ ಹೆಸರು ಬಿಟ್ಟುಹೋದ ಹೆಣ್ಣುಮಕ್ಕಳೆಷ್ಟು.
ಅಂಥವಳಿಗೆ ಮನೆಯ ತಟ್ಟೆಯ ಮೂಲ ಗೊತ್ತಿಲ್ಲವೆಂದರೆ?

ಬೋರಲು ಹಾಕಿದೆ. ನಟ್ಟನಡುವೆ ಮುದ್ರೆ:
ಅರ್ಧ ಕಿರೀಟ, ಅದರಡಿ ಯಾವುದೋ ಪ್ರಾಣಿಯ ಬಾಲ.
ಸಿಂಹದ್ದಿರಬಹುದು, ಹಸುವಿನದೂ ಇರಬಹುದು.
ಇಂಗ್ಲಿಷ್ ಅಕ್ಷರಗಳಲ್ಲಿ ಉಳಿದದ್ದು ಕೊನೆಯ ನಾಲ್ಕೇ:
ಲ್ಯಾಂಡ್.
ಇಂಗ್ಲ್ಯಾಂಡೋ, ಹಾಲ್ಯಾಂಡೋ, ಪೋಲ್ಯಾಂಡೋ?
ನಮ್ಮ ಕಚೇರಿಯಲ್ಲಿ ಲ್ಯಾಂಡ್ ಅಂದರೆ ಮೂವತ್ತು-ನಲವತ್ತು,
ಮೂಲೆ ಸೈಟಾದರೆ ಇನ್ನೂ ಜಾಸ್ತಿ.

ಶಿವಾಜಿನಗರದ ಹಳೇ ಸಾಮಾನಿನ ಇಮ್ತಿಯಾಜ್ ಸಾಹೇಬರು
ಭೂತಗನ್ನಡಿಯೊಳಗೆ ಬಹಳ ಹೊತ್ತು ಇದ್ದು ಹೊರಬಂದರು.
"ಬಳ್ಳಿ ಅಚ್ಚಿನದು, ಹೂವಿಗೆ ಮಾತ್ರ ಕೈಬಣ್ಣ.
ಮುದ್ರೆ ಮೆರುಗಿನ ಮೇಲೆ ಹೊಡೆದದ್ದು, ನಿಲ್ಲಲಿಲ್ಲ.
ವಿಲಾಯತಿ ಅಂತ ಬರೆದರೆ ಎರಡು ಸಾವಿರ ಹೆಚ್ಚು,
ಗೊತ್ತಿಲ್ಲ ಅಂತ ಬರೆದರೆ ನಿಜ."

ಅಪ್ಪ ಮುನಿವೆಂಕಟಪ್ಪ ಪಿಂಗಾಣಿ ಕಾರ್ಖಾನೆಯವನು,
ಕರೆಂಟು ಕಂಬದ ಬಿಳಿ ಬುಗುಟುಗಳನ್ನು
ಇಪ್ಪತ್ತಾರು ವರ್ಷ ಬೇಯಿಸಿದವನು.
ತಟ್ಟೆಯನ್ನು ಬೆರಳ ತುದಿಗಳ ಮೇಲೆ ಕೂರಿಸಿ ಉಗುರಿನಿಂದ ಮೀಟಿದ;
ಕಿವಿ ಮಂದ, ಅದಕ್ಕೆ ಹಲ್ಲಿಗೆ ತಾಗಿಸಿ ಆಲಿಸಿದ.
ಕಿಟಕಿಗೆ ಹಿಡಿದ. ಬೆರಳಿನ ನೆರಳು ಈಚೆ ಬರಲಿಲ್ಲ.
ಮೆರುಗಿಲ್ಲದ ಪಾದದಂಚನ್ನು ನೆಕ್ಕಿದ
(ಥೂ, ಎಂಜಲು, ಎಂದಳು ಅಮ್ಮ)
ನಾಲಿಗೆ ಅಂಟಿಕೊಂಡಿತು.
"ಅರೆಬೆಂದ ಮಣ್ಣು. ಪಿಂಗಾಣಿಯೇ ಅಲ್ಲ ಇದು.
ಊರು ಯಾವುದಾದರೂ ಆಗಲಿ,
ಅವತ್ತು ಭಟ್ಟಿ ಮುಂದಿದ್ದವನು
ಬೇಗ ಮನೆಗೆ ಹೋಗಿದ್ದಾನೆ."

ಅಮ್ಮ ಪಿಳ್ಳಮ್ಮ ಮೂಲೆಯಲ್ಲಿ ನೆನೆದ ಅವರೆಕಾಳು ಹಿದುಕುತ್ತಿದ್ದಳು.
"ಅದೇನು ಹುಡುಕ್ತೀರೋ. ಅಳಿಸಿದ್ದು ನಾನೇ.
ರಿಚರ್ಡ್ಸ್ ಟೌನಿಗೆ ಎರಡು ಬಸ್ಸು ಹತ್ತಿ,
ಪೆರೇರಾ ದೊರೆಸಾನಿ ಹಿತ್ತಲ ನಲ್ಲೀಲಿ
ಹದಿನೆಂಟು ವರ್ಷ, ಬೂದಿ, ತೆಂಗಿನ ನಾರು.
ಮುಖ ಎಲ್ಲರೂ ತೊಳೀತಾರೆ, ಬೆನ್ನು ಯಾರು ನೋಡ್ತಾರೆ ಅಂತ
ಬೆನ್ನೇ ಜಾಸ್ತಿ ಉಜ್ತಿದ್ದೆ.
ಅದು ಓದೋ ಅಕ್ಷರ ಅಂತ ನಂಗೇನು ಗೊತ್ತು?
ಜಿಡ್ಡು ಅನ್ಕೊಂಡೆ."

ಹನ್ನೆರಡನೆಯ ತಟ್ಟೆ?
"ಕೈಜಾರಿತು. ಎರಡು ತಿಂಗಳ ಸಂಬಳ ಹಿಡಿದಳು.
ಪರ್ತಿಗೆ ಹೊರಟ ದಿನ ಉಳಿದದ್ದು ಕೊಟ್ಟು ಅತ್ತಳು."
ಹಾಗಾದರೆ ಇದು ದಾನವಲ್ಲ, ಕ್ರಯ;
ಹಣ ಮುಂಗಡವಾಗಿ ಸಂದಾಯವಾಗಿದೆ.

ರಾತ್ರಿ, ಕೆಟ್ಟುಹೋದ ಛಾಪಾಕಾಗದದ ಬೆನ್ನಿಗೆ ಬರೆದೆ:
ಷೆಡ್ಯೂಲು ಸ್ವತ್ತು, ಹನ್ನೊಂದು ತಟ್ಟೆ ವಗೈರೆ.
ಪೂರ್ವಕ್ಕೆ, ಪೆರೇರಾ ಬಂಗಲೆಯ ಹಿತ್ತಲ ನಲ್ಲಿ.
ಪಶ್ಚಿಮಕ್ಕೆ, ಯಾರೋ ಬೇಗ ಬಿಟ್ಟುಹೋದ ಭಟ್ಟಿ.
ಉತ್ತರಕ್ಕೆ, ಖಾಲಿ ಜಾಗ.
ದಕ್ಷಿಣಕ್ಕೆ, ಪಿಳ್ಳಮ್ಮನವರ ಬಲಗೈ ಹೆಬ್ಬೆರಳು.

ಮರುದಿನ ಹಿದುಕಿದ ಬೇಳೆಯ ಸಾರು
ಗುಂಡಿತಟ್ಟೆಗೇ ಬಿತ್ತು. ಮುದ್ದೆ ಸರಿಯಾಗಿ ಕೂತಿತು.
ಅಮ್ಮ ಮಾತ್ರ ತನ್ನ ಸ್ಟೀಲು ತಟ್ಟೆ ಬಿಡಲಿಲ್ಲ;
ನಾನೂ ಕೇಳಲಿಲ್ಲ.
ಉಂಡ ಮೇಲೆ ತೊಳೆಯಲು ಕೂತೆ,
ಬೆನ್ನಿನ ಹತ್ತಿರ ಬೆರಳು ಮೆಲ್ಲಗಾಯಿತು.
"ಗಟ್ಟಿಯಾಗಿ ಉಜ್ಜೇ," ಎಂದಳು ಹಿಂದಿನಿಂದ,
"ಜಿಡ್ಡು ಹಂಗೇ ಐತೆ."