ಬಾಗಿಲ ಮೇಲೆ ನೀಲಿ ಟೇಪು

ವಾಗಾದ ಕೊನೆಯ ಪೆಟ್ರೋಲ್ ಬಂಕು ದಾಟಿದರೆ
ಜೂನಿಯವರೆಗೂ ದೀಪದ ಕಂಬ ಅನ್ನೋದಿಲ್ಲ.
ಎಡಕ್ಕೂ ಹೊಲ, ಬಲಕ್ಕೂ ಹೊಲ,
ನಡುವೆ ನನ್ನ ಹಳೇ ಸುಜುಕಿಯ
ಹರಳೆಣ್ಣೆ ಬಣ್ಣದ ಬೆಳಕು.
ಹಣತೆಗೆ ಸರಿ, ಹೆದ್ದಾರಿಗಲ್ಲ.

ಮೇ ತಿಂಗಳ ಒಂದು ರಾತ್ರಿ
ಆಸ್ಪತ್ರೆಯ ಲ್ಯಾಬು ಮುಗಿಸಿ ಬರುವಾಗ
ಕಾಂಗರೂ ಬೆಳಕಿನೊಳಗೆ ಬಂದದ್ದಲ್ಲ,
ಬೆಳಕೇ ತಡವಾಗಿ ಅದರ ಹತ್ತಿರ ಹೋದದ್ದು.
ಬಾಲ ತಾಗಿತು, ಅಷ್ಟೆ.
ಕನ್ನಡಿ ಹೋಯಿತು. ನಾನು ಉಳಿದೆ.
ಮನೆಗೆ ಬಂದು ಜಂಬುನಾಥನಿಗೆ ಹೇಳಿದರೆ
"ಹೌದಾ" ಅಂದ, ಮಗ್ಗುಲು ಬದಲಿಸಿದ.

ಶನಿವಾರ ಎದ್ದು ನೋಡಿದರೆ
ಬೈಕಿನ ಮುಖ ಬಿಚ್ಚಿ ಚಾಪೆಯ ಮೇಲಿಟ್ಟಿದ್ದಾನೆ.
ಹೊಸ ಎಲ್‌ಇಡಿ, ಅದರ ಬೆನ್ನಿಗೆ ಬೆರಳುಗಾತ್ರದ ಫ್ಯಾನು,
ರಬ್ಬರಿನ ಟೊಪ್ಪಿಗೆ ಮುಚ್ಚಲೊಲ್ಲದು, ಕತ್ತರಿಸಿದ.
ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಬೈದ.
ಹೊಸಪೇಟೆಯ ಬೈಗುಳ;
ದೀಪಕ್ಕೆ ಅರ್ಥವಾಗಿರಬೇಕು, ಕೂತಿತು.

ಸಂಜೆ ಗ್ಯಾರೇಜಿನ ಬಾಗಿಲಿಗೆ ನೀಲಿ ಟೇಪು ಅಂಟಿಸಿ
ಹತ್ತು ಹೆಜ್ಜೆ ಅಳೆದು ಬೈಕು ನಿಲ್ಲಿಸಿ
"ಕೂತ್ಕೋ" ಅಂದ.
"ನಾನ್ಯಾಕೆ?"
"ನಿನ್ನ ತೂಕ ಬೇಕು. ನೀನು ಕೂತರೆ
ಹಿಂದೆ ತಗ್ಗುತ್ತೆ, ಬೆಳಕು ಮೇಲೇಳುತ್ತೆ."
ಹೆಲ್ಮೆಟ್ಟು, ಊಟದ ಡಬ್ಬಿ ಸಮೇತ ಕೂರಿಸಿದ.
ಅರ್ಧ ಸುತ್ತು, ಕಾಲು ಸುತ್ತು,
ಬೆಳಕು ಟೇಪಿನಿಂದ ನಾಲ್ಕು ಬೆರಳು ಕೆಳಗಿಳಿಯುವವರೆಗೆ.
ಎದುರು ಬರುವವರ ಕಣ್ಣು ಕುಕ್ಕಬಾರದಂತೆ.
ಹದಿನೆಂಟು ವರ್ಷದ ಸಂಸಾರದಲ್ಲಿ
ತೂಕದ ಮಾತಿಗೆ ನಾನು ಸಿಟ್ಟಾಗದೇ ಇದ್ದದ್ದು
ಅವತ್ತೊಂದೇ ದಿನ.

ಆಮೇಲೆ ರಸ್ತೆಯೇ ಬೇರೆ.
ಮುಳ್ಳುತಂತಿಯ ಗಂಟು ಗಂಟೂ ಎಣಿಸಬಹುದು.
ಗುಂಡು ಹೊಡೆದು ತೂತಾದ ವೇಗದ ಫಲಕ,
ಮೂರು ದಿನದ ಹಿಂದೆ ಸತ್ತ ನರಿ,
ದೂರದಲ್ಲೇ ಜೋಡಿ ಜೋಡಿ ಕಣ್ಣು.
ಹಳದಿ ಬೆಳಕಿಗೊಂದು ಮರ್ಯಾದೆ ಇತ್ತು,
ಎಲ್ಲವನ್ನೂ ತೋರಿಸುತ್ತಿರಲಿಲ್ಲ.

ದೀಪಕ್ಕೆ ಒಂದು ದಿನ ಹಿಡಿಯಿತು. ರಿಮೋಟಿಗೆ ಮೂರು ತಿಂಗಳು.
ನಾನು ಕೇಳಿದ್ದಿಷ್ಟೇ:
ಚಳಿಯಲ್ಲಿ ಇಳಿದು, ಕೈಗವಸು ಕಳಚಿ,
ಬೀಗದ ಕೈ ತಡಕುವ ಪಾಡು ತಪ್ಪಲಿ.
ಬೆಸುಗೆ ತಂತಿ ಮುಗಿದಿದೆ ಅಂದ. ಮೋಟಾರು ಹಳೇದು ಅಂದ.
ಪಕ್ಕದ ಬೆವರ್ಲಿಯ ಬಾಗಿಲೂ ತೆರೆದೀತು ಅಂದ.
ಮುಂದಿನ ವಾರ ಅಂದ.
ಮುಂದಿನ ವಾರ ಅನ್ನುವುದು ನಮ್ಮ ಮನೆಯಲ್ಲಿ
ಯಾರೂ ಹೋಗಿ ನೋಡದ ಒಂದು ಊರು.

ಅವನು ಸೈಲೋ ಡ್ಯೂಟಿಗೆ ಹೋದ ಭಾನುವಾರ
ನಾನೇ ಮಾಡಿದೆ. ಅಡಗಿ ಕೂತ ನರ ಹುಡುಕುವ ಕೈಗೆ
ಎರಡು ತಂತಿ ಯಾವ ದೊಡ್ಡದು?
ರಿಮೋಟಿನ ಹೊಟ್ಟೆ ಬಿಚ್ಚಿ, ಹೈಬೀಮಿನ ಗುಂಡಿಗೆ ಬೆಸೆದು,
ಸೀಟಿನ ಕೆಳಗೆ ಮಲಗಿಸಿದೆ.
ಹೇಳಲಿಲ್ಲ. ಬೆರಗಾಗಲಿ ಎಂದು.

ಸೋಮವಾರ ರಾತ್ರಿ, ಹನ್ನೆರಡು ದಾಟಿ ಹತ್ತು ನಿಮಿಷ.
ನಮ್ಮ ಬೀದಿ, ನಮ್ಮ ಇಳಿಜಾರು,
ನೇರ ನೀಲಿ ಟೇಪಿಗೆ ಗುರಿಯಿಟ್ಟು ಒತ್ತಿದೆ.
ಬೆಳಕು ಬಿದ್ದ ಗೋಡೆಯೇ ಎದ್ದು ಹೋಯಿತು.
ಮೊದಲು ಎರಡು ಪಾದ, ಒಂದಕ್ಕೆ ಮಾತ್ರ ಕಾಲುಚೀಲ.
ಆಮೇಲೆ ಬೋರಲು ಹಾಕಿದ ಪೇಂಟಿನ ಬಕೆಟ್ಟು,
ಕಂಬಳಿ, ಕಂಬಳಿಯೊಳಗೆ ಜಂಬುನಾಥ.
ಕೊನೆಗೆ ಕಣ್ಣು: ಅದೇ ಮೇ ತಿಂಗಳ ಕಣ್ಣು,
ಯಾವ ಕಡೆ ಹಾರಲಿ ತಿಳಿಯದ್ದು.

ಇಳಿದು, ಕೈಗವಸು ಕಳಚಿ, ಬೀಗದ ಕೈ ತಡಕುವ
ಆ ಎರಡು ನಿಮಿಷ
ಅವನದಾಗಿತ್ತು.
ಎದ್ದು ಒಳಗೋಡಲು, ಹೊದ್ದುಕೊಳ್ಳಲು, ಗೊರಕೆ ಹಚ್ಚಲು.
ಎಷ್ಟು ದಿನದಿಂದಲೋ.

ಡಿಮ್ ಮಾಡಿದೆ.
"ಇಲಿ ಸದ್ದಾಯ್ತು" ಅಂದ.
"ಸಿಕ್ಕಿತಾ?" ಅಂದೆ.

ರಿಮೋಟು ಈಗಲೂ ಚೆನ್ನಾಗಿದೆ.
ನಾನು ಮಾತ್ರ ಬೆವರ್ಲಿಯ ಅಂಚೆಪೆಟ್ಟಿಗೆಯ ಬಳಿ
ಎಂಜಿನ್ ಆರಿಸದೆ ನಿಲ್ಲುತ್ತೇನೆ.
ಹಾರ್ನ್ ಮಾಡುವುದಿಲ್ಲ. ಒಮ್ಮೆ ಆಕ್ಸಿಲರೇಟರ್ ತಿರುವಿ
ಕೈಗವಸು ಕಳಚುತ್ತೇನೆ, ಮತ್ತೆ ಹಾಕಿಕೊಳ್ಳುತ್ತೇನೆ.
ಆಮೇಲೆ ಗುಂಡಿ.
ಖಾಲಿ ಬಕೆಟ್ಟು.
ಇನ್ನೂ ಬೆಚ್ಚಗಿರುತ್ತದೆ. ಮುಟ್ಟಿ ನೋಡಿದ್ದೇನೆ.